ಹಾಯಿಯ ಮೇಲಿನ ಸಂಡಿಗೆ

ಆಗಿನ್ನೂ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಮಹಡಿಯ ಕೋಣೆಗೆ ಆ ಬೇಸಿಗೆ ಒಬ್ಬ ವಿದೇಶಿ ನಾವಿಕ ಬಾಡಿಗೆಗೆ ಬಂದ. ಮಳೆಗಾಲ ಹತ್ತಿರವಾಯಿತೆಂದು ತನ್ನ ಪುಟ್ಟ ಹಾಯಿದೋಣಿಯನ್ನು ಮಂಗಳೂರಿನಲ್ಲಿ ದಡಕ್ಕೆಳೆದಿಟ್ಟು, ಊರಿಗೆ ಹೋಗುವ ವಿಮಾನಕ್ಕಾಗಿ ಇಲ್ಲಿ ಕಾಯುತ್ತಿದ್ದ. ಬಂದರಿನಲ್ಲಿ ಕಲಿತ ಮುರುಕು ಕನ್ನಡದಲ್ಲಿ, ನಮಸ್ಕಾರದ ಬದಲು ಎಲ್ಲರನ್ನೂ "ಗಾಳಿ ಹೇಗಿದೆ?" ಎಂದು ಕೇಳುತ್ತಿದ್ದ. ಸಮುದ್ರವನ್ನೇ ಕಾಣದ ನಮ್ಮಜ್ಜಿ "ಚೆನ್ನಾಗಿದೆಯಪ್ಪಾ, ನಿಂದು?" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ, ಹೊಲಿಯಲೆಂದು ತಂದಿದ್ದ ಹಾಯಿಯನ್ನು ತಾರಸಿಯ ಮೇಲೆ ಹರಡಿ, ದಾರ ತರಲು ಗಾಂಧಿಬಜಾರಿಗೆ ಹೋದ. ಸಮುದ್ರದ ನೀರು ಕುಡಿದು ಕುಡಿದು ಗಡುಸಾಗಿದ್ದ ಬಟ್ಟೆ ಅದು. ಆತ ಮರಳುವಷ್ಟರಲ್ಲಿ ಅಜ್ಜಿ ಅದರ ತುಂಬ ಅಕ್ಕಿ ಸಂಡಿಗೆ ಇಟ್ಟಿದ್ದಳು.

"ಅಯ್ಯೋ ಅಜ್ಜಿ, ಅದು ಅವರ ದೋಣೀದು!" ಎಂದೆ.

"ಇಷ್ಟು ದೊಡ್ಡ ಬಟ್ಟೆ ಬಿಸಿಲಿಗೆ ಹಾಸಿದ್ರೆ ಇನ್ಯಾತಕ್ಕೆ ಅನ್ಕೋಬೇಕು?" ಎಂದ ಅಜ್ಜಿಯ ಮುಖ ಸಣ್ಣದಾಯಿತು.

ಆತ ಬಗ್ಗಿ ಸಂಡಿಗೆಯ ಸಾಲುಗಳನ್ನು ನೋಡಿದ. ಆಮೇಲೆ ಬೆರಳು ಒದ್ದೆ ಮಾಡಿ ಮೇಲೆತ್ತಿ, "ಗಾಳಿ ಚೆನ್ನಾಗಿದೆ" ಎಂದ. ಸಂಜೆಯವರೆಗೂ ಕೊಡೆ ಹಿಡಿದು ಕಾಗೆ ಓಡಿಸುತ್ತ ಕೂತ. ಬಿಸಿಲಿನ ಝಳಕ್ಕೆ ತಾರಸಿಯೇ ಅಲುಗುತ್ತಿತ್ತು. ಹಾಯಿಯ ಪಕ್ಕದಲ್ಲಿ ಆತ ನಿಧಾನವಾಗಿ ಎಲ್ಲಿಗೋ ತೇಲಿಹೋಗುತ್ತಿರುವಂತೆ ಕಂಡ.

ಆತ ವಿಮಾನ ಹತ್ತಿ ಹೋದ ಮೇಲೆ, ಮೊದಲ ಮಳೆ ಬಿದ್ದ ದಿನ ಅಜ್ಜಿ ಆ ಸಂಡಿಗೆ ಕರಿದಳು. ಒಂದನ್ನು ಬಾಯಿಗಿಟ್ಟು ಹುಬ್ಬೇರಿಸಿದಳು.

"ನಾನು ಸರಿಯಾಗೇ ಹಾಕಿದ್ನಲ್ಲ, ಇಷ್ಟು ಉಪ್ಪು ಎಲ್ಲಿಂದ ಬಂತು?"

ಕೇಳುತ್ತಲೇ ಇನ್ನೊಂದನ್ನು ಕೈಗೆತ್ತಿಕೊಂಡಳು.