ಮಕ್ಕಳಿಗೆ ಬಾಯಿಪಾಠವಾಗಿದ್ದ ಪಾಠ

ನಮ್ಮ ಬಿ.ಎಡ್. ಕಾಲೇಜಿನಲ್ಲಿ ಪ್ರತಿ ವರ್ಷ ಮೊದಲ ದಿನ ನಾನು ಹೇಳುವುದು ಒಂದೇ ಮಾತು: "ಪಾಠ ನಿಮ್ಮದ ಇರಬೇಕ. ಇನ್ನೊಬ್ಬರದು ನಕಲು ಮಾಡಿದ್ರ ನನ್ನ ಮುಂದ ನಿಲ್ಲಬ್ಯಾಡ್ರಿ." ಎಲ್ಲರೂ ಗೋಣು ಹಾಕುತ್ತಾರೆ. ಗೋಣು ಹಾಕಲು ಏನು ಖರ್ಚು? ಆಮೇಲೆ ಹಿಂದಿನ ವರ್ಷದವರ ಚಾರ್ಟುಗಳು, ಮದುವೆ ಮನೆಯ ಪಾತ್ರೆಗಳ ಹಾಗೆ, ಕೈಯಿಂದ ಕೈಗೆ ಹೊರಡುತ್ತವೆ. ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ಆ ವರ್ಷ ಪರೀಕ್ಷಕರ ಮುಂದೆ ಕಲಿಸಿ ತೋರಿಸುವ ಪರೀಕ್ಷಾ ಪಾಠಗಳು ಗಡಹಿಂಗ್ಲಜದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿದ್ದವು. ಮರಾಠಿ ಸೀಮೆಯ ನಮ್ಮ ಕಡೆ ಕನ್ನಡ ಶಾಲೆಗಳೇ ಕಡಿಮೆ. ಹಾಗಾಗಿ ನಮ್ಮ ವಿದ್ಯಾರ್ಥಿಗಳೆಲ್ಲ ವರ್ಷವಿಡೀ ಅದೇ ಆರನೆಯ ವರ್ಗದ ಮಕ್ಕಳ ಮುಂದೆ ನಿಂತು ಕಲಿಸುವುದನ್ನು ಕಲಿಯಬೇಕು.

ಉತ್ತೂರಿನಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಅಂದು ಬಾಗಿಲಲ್ಲೇ ನನ್ನನ್ನು ತಡೆದಳು. "ಸರ, ಈ ಸಲ ಪಾಸ ಆಗಲಿಲ್ಲಂದ್ರ ಮನ್ಯಾಗ ಮತ್ತ ಕಳಸೂದಿಲ್ರಿ." ಗಂಡನ ಮನೆಯವರು ಇಷ್ಟು ದಿನ ಒಪ್ಪಿದ್ದೇ ದೊಡ್ಡ ಮಾತಾಗಿತ್ತು. ಅವಳ ಬಗಲಲ್ಲಿದ್ದ ಚಾರ್ಟು ನೋಡಿದೆ. ಅಂಚು ಹರಿದಿತ್ತು. ಅಯ್ಯೋ ದೇವರೇ, ಅದನ್ನು ನಾನು ಬೇರೆಯವರ ಕೈಯಲ್ಲೂ ನೋಡಿದ್ದೆ.

ಪರೀಕ್ಷಕರು ಕೊಲ್ಲಾಪುರದ ಮರಾಠಿಯವರು, ಕನ್ನಡ ಒಂದಕ್ಷರ ತಿಳಿಯದವರು. ನನ್ನ ಪಕ್ಕ ಕೂತರು. ಪಾಠ, ನೀರು ಆವಿಯಾಗುವುದು. ಅವಳು "ಮಕ್ಕಳೇ, ಒದ್ದೆ ಬಟ್ಟೆಯನ್ನು..." ಎನ್ನುವಷ್ಟರಲ್ಲಿ ಇಡೀ ವರ್ಗ "ಬಿಸಲಾಗ್ರಿ!" ಎಂದು ಕೂಗಿತು. ಚಾರ್ಟು ಬಿಚ್ಚುವ ಮೊದಲೇ "ಉಗಿ ಅಕ್ಕಾರ, ಉಗಿ!" ಮುಂದಿನ ಬೆಂಚಿನ ಹುಡುಗಿಯೊಬ್ಬಳು ಇನ್ನೂ ಕೇಳದ ಪ್ರಶ್ನೆಗೂ ಉತ್ತರ ಹೇಳಿ ಕೂತಳು. ಪಾಪ, ಇವಳು ಮಕ್ಕಳ ಹಿಂದೆ ಓಡಿ ಓಡಿ ಬೆವೆತುಹೋದಳು.

ಪರೀಕ್ಷಕರಿಗೆ ಖುಷಿಯೋ ಖುಷಿ. "ಛಾನ! ಮುಲಂ ಕಿತೀ ತಯಾರ ಆಹೇತ!" ಮಕ್ಕಳು ಎಷ್ಟು ತಯಾರಾಗಿದ್ದಾರೆ ಎಂದು ಮೆಚ್ಚುತ್ತ, ಕೈತುಂಬ ಅಂಕ ಕೊಡಲು ಪೆನ್ನು ತೆಗೆದರು. ಸುಮ್ಮನಿದ್ದಿದ್ದರೆ ಮುಗಿದೇ ಹೋಗುತ್ತಿತ್ತು. ನನ್ನಿಂದ ಆಗಲಿಲ್ಲ. ಮಕ್ಕಳಿಗೆ ಇದು ಬಾಯಿಪಾಠವಾಗಿದೆ, ಪಾಠ ಅವಳದಲ್ಲ ಎಂದು ಮರಾಠಿಯಲ್ಲಿ ಹೇಳಿಬಿಟ್ಟೆ. ಅವಳಿಗೂ ಮರಾಠಿ ಬರುತ್ತಿತ್ತು. ಮುಖ ಬಿಳಿಚಿಕೊಂಡಿತು. ಅದನ್ನು ನೋಡಿ, ಅವಳಿಗೆ ಇನ್ನೊಂದು ಅವಕಾಶ ಕೊಡಿ ಎಂದು ನಾನೇ ಬೇಡಿಕೊಂಡೆ. ಪರೀಕ್ಷಕರು ಗಡಿಯಾರ ನೋಡಿ, ಆಗಲಿ ಎಂದರು.

"ಚಾರ್ಟ ಬಾಜೂಕ ಇಡವಾ. ನಿನಗ ತಿಳಿದಂಗ ಕಲಸು," ಎಂದೆ.

ಅವಳು ಚಾರ್ಟು ಸುತ್ತಿ ಗೋಡೆಗೆ ಒರಗಿಸಿದಳು. ಆಮೇಲೆ ತನ್ನ ಬಾಟಲಿಯ ನೀರನ್ನು ನೆಲಕ್ಕೆ ಚೆಲ್ಲಿದಳು. "ಈ ನೀರು ಸಂಜಿ ಆಗೂದ್ರಾಗ ಎಲ್ಲಿ ಹೋಗ್ತೈತಿ?"

ಒಬ್ಬ ಹುಡುಗ ಎದ್ದು, "ಅಕ್ಕಾರ, ಇದು ಪಾಠದಾಗ ಇಲ್ಲಲ್ರಿ," ಎಂದ.

"ನೆಲಾ ಕುಡೀತೈತ್ರಿ," ಎಂದಳು ಇನ್ನೊಬ್ಬಳು.

"ಏ, ಫರಶಿ ಕಲ್ಲು ಹೆಂಗ ಕುಡೀತೈತಿ?"

ಗದ್ದಲವೋ ಗದ್ದಲ. ಅವಳು ಸೀರೆ ಎತ್ತಿಕಟ್ಟಿ ನೀರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಕ್ಕಳೊಂದಿಗೆ ವಾದ ಮಾಡುತ್ತಿದ್ದಳು. ವರ್ಷದಲ್ಲಿ ಮೊದಲ ಸಲ ಅವಳ ಸ್ವಂತ ದನಿ ಕೇಳಿದೆ. ನನಗೆ ಭಾಳ ಸಂತೋಷವಾಯಿತು, ಸುಳ್ಳೇಕೆ? ಮಾತು ಒಂದು ದಡ ಸೇರುವ ಮೊದಲೇ ಗಂಟೆ ಹೊಡೆಯಿತು.

"ನುಸತಾ ಗೋಂಧಳ," ಬರೀ ಗೊಂದಲ, ಎಂದರು ಪರೀಕ್ಷಕರು. ಫೇಲು ಮಾಡಲು ಹೊರಟವರನ್ನು ಜಗಳವಾಡಿ ಪಾಸಿನ ಗೆರೆಗೆ ತಂದು ನಿಲ್ಲಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು.

ಹೊರಗೆ ಅವಳು ಕಾಯುತ್ತಿದ್ದಳು. "ಪಾಸ ಆದ್ಯವಾ. ಆದ್ರ ಮಾರ್ಕ್ಸ ಭಾಳ ಕಡಿಮಿ ಬಿದ್ದಾವ," ಎಂದೆ.

"ಮೊದಲಿನ ಪಾಠಕ್ಕ ಹೆಚ್ಚ ಬೀಳ್ತಿದ್ದೂ ಏನ್ರಿ, ಸರ?"

ಸುಳ್ಳು ಹೇಳಬಾರದೆಂದು ಅವಳಿಗೆ ಬೋಧಿಸಿದವನು ನಾನೇ. "ಹೌದವಾ," ಎಂದೆ.

ವರಾಂಡದಲ್ಲಿ ಮುಂದಿನ ಪಾಳಿಯವಳು, ಇಚಲಕರಂಜಿಯ ಹುಡುಗಿ, ಚಾರ್ಟಿಗಾಗಿ ಕೈ ಚಾಚಿ ನಿಂತಿದ್ದಳು. ಇವಳು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಚಾರ್ಟನ್ನು ಅವಳ ಕೈಗಿಟ್ಟು ಹೇಳಿದಳು: "ಹೆದರಬ್ಯಾಡ. ಹುಡುಗೂರಿಗ ಎಲ್ಲಾ ಬರತೈತಿ."