ಪೋಕರ್ ಮೇಜಿನ ಜೋಡಿ

ಹಣ ಕಟ್ಟಿ ಆಡುವ ಆ್ಯಪ್‌ಗಳು ಬಂದ್ ಆಗುವುದಕ್ಕೆ ಮುಂಚಿನ ಮಳೆಗಾಲ. ನನ್ನದು ಬಂದರಿನ ಏಲದಲ್ಲಿ ಬೆಲೆ ಕೂಗಿ ಮೀನು ಕೊಂಡು ಮಾರುವ ವ್ಯಾಪಾರ. ದೊಡ್ಡ ಬೋಟುಗಳೆಲ್ಲ ದಡ ಸೇರಿದ್ದವು, ಬಂದರಿಗೆ ಬರುತ್ತಿದ್ದದ್ದು ನಾಡದೋಣಿಗಳ ಮೀನು ಮಾತ್ರ. ಬೆಳಗಿನ ಕೆಲಸ ಮುಗಿದರೆ ಉಳಿದ ದಿನವೆಲ್ಲ ಮೊಬೈಲಿನಲ್ಲಿ ಪೋಕರ್. ಚೆನ್ನಾಗಿಯೇ ಆಡುತ್ತಿದ್ದೆ, ಸುಳ್ಳು ವಿನಯ ಯಾಕೆ. ಆದರೂ ಒಂದು ಮೇಜಿನಲ್ಲಿ ಮಾತ್ರ ಸೋಲುತ್ತಲೇ ಇದ್ದೆ.

ಕೊನೆಗೆ ಹಳೆಯ ನೋಟ್‌ಬುಕ್ಕೊಂದರಲ್ಲಿ ಪ್ರತಿ ಆಟವನ್ನೂ ಬರೆಯತೊಡಗಿದೆ. ಆಗ ಕಂಡಿತು. ಇಬ್ಬರು ಯಾವಾಗಲೂ ಒಟ್ಟಿಗೆ ಬಂದು ಒಟ್ಟಿಗೆ ಏಳುತ್ತಿದ್ದರು. ನಾನು ನಡುವೆ ಸಿಕ್ಕಿಬಿದ್ದರೆ ಒಬ್ಬ ಪಣ ಏರಿಸುವುದು, ಇನ್ನೊಬ್ಬ ಅದರ ಮೇಲೆ ಏರಿಸುವುದು. ನಾನು ಹೆದರಿ ಎಲೆ ಕೆಳಗಿಟ್ಟ ಕೂಡಲೇ ಇಬ್ಬರೂ ಸಾಧುಗಳು, ಒಬ್ಬರ ಮೇಲೊಬ್ಬರು ಒಂದು ಪೈಸೆ ಏರಿಸುತ್ತಿರಲಿಲ್ಲ. ತಮ್ಮ ಎಲೆಗಳನ್ನು ಫೋನಿನಲ್ಲಿ ಹೇಳಿಕೊಂಡೇ ಆಡುತ್ತಿದ್ದರು, ನನಗೆ ಸಂಶಯವೇ ಉಳಿಯಲಿಲ್ಲ.

ಮೈಯೆಲ್ಲ ಉರಿಯಿತು. ಸ್ಕ್ರೀನ್‌ಶಾಟ್ ತೆಗೆದು, ಆಟದ ನಂಬರು ಸಮೇತ ಆ್ಯಪಿನವರಿಗೆ ದೂರು ಕಳಿಸಿದೆ. ಮೂರು ದಿನ ಬಿಟ್ಟು ಉತ್ತರ ಬಂತು: ಪರಿಶೀಲಿಸಿದ್ದೇವೆ, ಅಕ್ರಮ ಕಂಡುಬಂದಿಲ್ಲ, ಆಟವನ್ನು ಆನಂದಿಸಿ. ಕಣ್ಣಿಗೆ ಮಣ್ಣೆರಚಿದವರನ್ನು ಬಿಟ್ಟು, ನಾನು ಆನಂದಿಸಬೇಕಂತೆ.

ಆ ಸಿಟ್ಟಿನಲ್ಲೇ ಹೆಮ್ಮಾಡಿಯಲ್ಲಿರುವ ಅಕ್ಕನ ಮನೆಗೆ ಹೋದೆ. ಭಾವನದು ಸಣ್ಣ ನಾಡದೋಣಿ. ಮಳೆಗಾಲದಲ್ಲೂ ಮೀನಿಗೆ ಬೆಲೆ ಹುಟ್ಟುವುದಿಲ್ಲವೆಂದು ಬೇಸತ್ತು ಅವನು ದೋಣಿಯನ್ನೇ ಮಾರಲು ಹೊರಟಿದ್ದ. ಬೈಂದೂರಿನವರೊಬ್ಬರು ಮುಂಗಡವನ್ನೂ ಕೊಟ್ಟಾಗಿತ್ತು. ನಮ್ಮ ಗ್ರಹಚಾರವೇ ಸರಿಯಿಲ್ಲ ಎಂದು ನಾನೇ ಅವನಿಗೆ ಸಮಾಧಾನ ಹೇಳಿದ್ದೆ.

ಅವತ್ತು ಭಾವ ಮನೆಯಲ್ಲಿರಲಿಲ್ಲ. ಅಕ್ಕ ಹಿತ್ತಿಲಲ್ಲಿ ಕೂತು ಮೀನು ಕೊಯ್ಯುತ್ತಿದ್ದಳು. ನಾನು ನೋಟ್‌ಬುಕ್ ಬಿಡಿಸಿ, ಆ ಜೋಡಿಯ ಕಳ್ಳಾಟವನ್ನೆಲ್ಲ ವಿವರಿಸಿದೆ. ಅಂಥವರ ಕೈ ಕಡಿಯಬೇಕು ಅಂತಲೂ ಹೇಳಿದೆ. ಅವಳು ಕೈಕೆಲಸ ನಿಲ್ಲಿಸದೆ ಪೂರ್ತಿ ಕೇಳಿದಳು.

"ಇದ್ರಗೆ ಹೊಸ್ತ್ ಎಂತ ಇತ್ತ್?" ಎಂದಳು. "ನೀನೂ ಆ ಕೋಟದವನೂ ನಿನ್ ಭಾವನ್ ಮೀನಿಗ್ ಮಾಡುದ್ ಇದೇ ಅಲ್ದಾ?"

ಸತ್ಯ ಹೇಳಿಬಿಡುತ್ತೇನೆ. ಏಲದಲ್ಲಿ ನನಗೂ ಕೋಟದ ಇನ್ನೊಬ್ಬ ವ್ಯಾಪಾರಿಗೂ ಒಂದು ಒಪ್ಪಂದವಿತ್ತು. ಅವನು ಕೈಯಲ್ಲಿದ್ದ ಟವೆಲನ್ನು, ಅಂದರೆ ಬೈರಾಸನ್ನು, ಎಡ ಹೆಗಲಿಗೆ ಹಾಕಿದರೆ ಆ ಬುಟ್ಟಿ ಅವನದು, ನಾನು ಕೂಗಬಾರದು. ನಾನು ಹಾಕಿದರೆ ಅವನು ಸುಮ್ಮನಿರಬೇಕು. ಮಳೆಗಾಲದಲ್ಲಿ ಬೇರೆ ಕೊಳ್ಳುವವರೂ ಕಡಿಮೆ, ಬೆಲೆ ನೆಲ ಬಿಟ್ಟು ಏಳುತ್ತಿರಲಿಲ್ಲ. ಬುಟ್ಟಿ ಹೊತ್ತು ದಿನಾ ಏಲಕ್ಕೆ ಬರುತ್ತಿದ್ದ ಅಕ್ಕನ ಕಣ್ಣಿಗೆ ಅದು ಬಿದ್ದಿತ್ತು. ಇದನ್ನು ನಾವು ಹೊಂದಾಣಿಕೆ ಎನ್ನುತ್ತಿದ್ದೆವು. ಥೂ! ನನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪರರ ತಟ್ಟೆಯ ನೊಣ ಹುಡುಕಿ ದೂರು ಬರೆದವನು ನಾನು.

ಎಲ್ಲರೂ ಮಾಡುವುದೇ, ವ್ಯಾಪಾರ ಅಂದರೆ ಹಾಗೆಯೇ, ಎಂದು ಏನೋ ತೊದಲಿದೆ. ಅಕ್ಕ ತಲೆಯೆತ್ತಿ ನೋಡಿದಳು.

"ಆ ಇಬ್ರಿಗೆ ನಿನ್ ಗುರ್ತ ಇಲ್ಲ. ನಿಂಗೆ ಆ ದೋಣಿ ಯಾರದ್ದಂದ್ ಗೊತ್ತಿತ್ತ್."

ಮರುದಿನ ಏಲದಲ್ಲಿ ಭಾವನ ಸಿಗಡಿ ಬುಟ್ಟಿ ಬಂತು. ಕೋಟದವನು ಬೈರಾಸನ್ನು ಎಡ ಹೆಗಲಿಗೆ ಹಾಕಿದ. ನಾನು ಅವನಿಗಿಂತ ಜಾಸ್ತಿ ಕೂಗಿದೆ. ಅವನು ನಂಬಲಾರದೆ ನನ್ನನ್ನೇ ನೋಡಿದ, ಹಲ್ಲು ಕಚ್ಚಿ ತಾನೂ ಏರಿಸಿದ. ಬೆಲೆ ಎಷ್ಟು ಮೇಲೆ ಹೋಯಿತೆಂದರೆ ನನಗೇ ನಾಚಿಕೆಯಾಯಿತು. ಇಷ್ಟು ದಿನ ಅಷ್ಟನ್ನೂ ತಿಂದವರು ನಾವೇ.

ಏಲ ಮುಗಿದ ಮೇಲೆ ಭಾವ ನಗುತ್ತಾ ಬಂದ. ಬೇಡವೆಂದರೂ ಬಿಡದೆ, ಮನೆಗೆಂದು ಎತ್ತಿಟ್ಟಿದ್ದ ಸಿಗಡಿಯಲ್ಲಿ ಒಂದು ಬೊಗಸೆಯನ್ನು ನನ್ನ ಚೀಲಕ್ಕೆ ಹಾಕಿದ.

"ದೋಣಿ ಹೋಪ ಹೊತ್ತಿಗೆ ಬೆಲೆ ಬಂತ್ ಕಾಣ್," ಎಂದ.

ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಅವಳು ಖಾಲಿ ಬುಟ್ಟಿ ಎತ್ತಿಕೊಂಡಳು, ನಾನು ಚೀಲದ ಬಾಯಿ ಕಟ್ಟಿದೆ. ಮುಂದಿನ ವಾರ ಬೈಂದೂರಿನವರು ಬಂದು ದೋಣಿ ಒಯ್ದರು.