ನಮ್ದು ಬ್ಯಾಡ ಎಂದ ಲೈನ್‌ಮನ್

2006ರ ಮೇ ತಿಂಗಳಲ್ಲಿ, ಕುಮಟಾದ ನಮ್ಮ ಮನೆಗೆ ದೂರವಾಣಿ ಕಚೇರಿಯ ಲೈನ್‌ಮನ್ ಬಂದರು. ಅವರ ಎಡಗಿವಿ ತಲೆಗೆ ಅಂಟಿಕೊಂಡು ಚಪ್ಪಟೆಯಾಗಿತ್ತು. ಪರೀಕ್ಷೆಯ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ವರ್ಷಗಟ್ಟಲೆ ಕಂಬ ಹತ್ತಿದವರು.

ನಾನು ಪತ್ರಿಕೆಯೊಂದರ ವರದಿಗಾರ. ಸಂಜೆ ಏಳರೊಳಗೆ ಸುದ್ದಿ, ಫೋಟೋ ಕಳಿಸಬೇಕಿತ್ತು. ಫೋನ್ ತಂತಿಯ ಬ್ರಾಡ್‌ಬ್ಯಾಂಡಿಗೆ ಅರ್ಜಿ ಹಾಕಿದ್ದೆ. ಅವರು ರಿಸೀವರ್ ಹಿಡಿದು, ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿದರು.

"ನಮ್ದು ಬ್ಯಾಡ. ಟಿವಿ ಕೇಬಲ್‌ನವ್ರದ್ದು ಹಾಕ್ಸಿ."

ಕೇಬಲ್ಲಿನದು ಇಡೀ ಓಣಿಗೆ ಹಂಚಿಹೋಗುತ್ತದೆ, ಸಂಜೆ ನಿಧಾನವಲ್ಲವೇ ಎಂದೆ.

"ನಿಧಾನ ಆದ್ರೂ ಹೋಗ್ತದೆ. ಎಕ್ಸ್‌ಚೇಂಜು ಇಲ್ಲಿಂದ ದೂರ, ಜಾಯಿಂಟೆಲ್ಲ ಉಪ್ಪುಗಾಳಿಗೆ ತುಕ್ಕು. ಮಳೆ ಬಂದ್ರೆ ನಮ್ದು ಹೋಗೂದೇ ಇಲ್ಲ."

ಹನ್ನೆರಡೂವರೆಗೆ ಎದ್ದರು. ಹಾಸಿಗೆ ಹಿಡಿದ ಹೆಂಡತಿಗೆ ಊಟ ಕೊಡಬೇಕು, ದಿನವೂ ಈ ಹೊತ್ತಿಗೆ ಮನೆಗೆ ಹೋಗುತ್ತೇನೆ ಎಂದರು. ನನಗೆ ಅದರ ಮೇಲೂ ಸಂಶಯ ಬಂತು. ವಿಚಾರಿಸಿದೆ. ಕೇಬಲ್ ನಡೆಸುವವನು ಅವರ ತಂಗಿಯ ಗಂಡ. ನನಗೆ ಅಷ್ಟು ಸಾಕಾಯಿತು. ಸರ್ಕಾರಿ ಸಂಬಳ ತಿಂದು ನೆಂಟನಿಗೆ ಗಿರಾಕಿ ಹಿಡಿಯುತ್ತಿದ್ದಾರೆಂದು ಮೇಲಧಿಕಾರಿಗೆ ದೂರು ಬರೆದೆ. ಹಟ ಹಿಡಿದು ಫೋನ್ ತಂತಿಯದನ್ನೇ ಹಾಕಿಸಿಕೊಂಡೆ. ಜೋಡಿಸಿದವರೂ ಅವರೇ. "ಆತು, ಮಳೆ ಬರ್ಲಿ" ಎಂದು ಚೀಲ ಮುಚ್ಚಿದರು.

ಜೂನ್ ಮೊದಲ ಮಳೆಗೇ ಲೈನ್ ಸತ್ತಿತು. ಅದೇ ತಿಂಗಳು ಅವರಿಗೆ ಭಟ್ಕಳಕ್ಕೆ ವರ್ಗವಾಯಿತು. ನಿವೃತ್ತಿಗೆ ಎರಡು ವರ್ಷವಿತ್ತು.

ಬೇರೆ ದಾರಿಯಿಲ್ಲದೆ ಕೇಬಲ್ ಕಚೇರಿಗೆ ಹೋದೆ. ಮಾಲೀಕನ ಮೇಜಿನ ಮೇಲಿದ್ದುದು ಫೋನ್ ತಂತಿಯ ಮೋಡೆಮ್. ಇದೆಂತ ಎಂದು ಕೇಳಿದೆ.

"ಭಾವನೇ ಹಾಕ್ಸಿದ್ದು. ಎಕ್ಸ್‌ಚೇಂಜು ಈ ಕಟ್ಟಡದ ಹಿಂದೇ ಅದೆ, ಇಲ್ಲಿ ಇದೇ ಚಲೋ ಅಂದ. ಈ ಬೀದಿಯ ನನ್ನ ಗಿರಾಕಿಗಳಿಗೂ ಅದನ್ನೇ ಹೇಳಿ, ಆರು ಮನೆ ಬಿಡ್ಸಿದ. ಆವಾಗಿಂದ ನಂಗೂ ಅವಂಗೂ ಮಾತಿಲ್ಲ."

ಅಂದೇ ದೂರು ಹಿಂತೆಗೆದುಕೊಳ್ಳುತ್ತೇನೆಂದು ಬರೆದು ಕಳಿಸಿದೆ.

ಆರು ತಿಂಗಳ ಮೇಲೆ ಭಟ್ಕಳದ ಬಸ್ ನಿಲ್ದಾಣದಲ್ಲಿ ಸಿಕ್ಕರು. ದಿನವೂ ಕುಮಟಾದಿಂದಲೇ ಓಡಾಡುತ್ತಿದ್ದರು. ಮಧ್ಯಾಹ್ನದ ಊಟ ಪಕ್ಕದ ಮನೆಯವರು ಕೊಡುತ್ತಾರೆ ಎಂದರು. ನಾನು ಹೇಳಬೇಕಾದದ್ದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರೇ ಅಂದರು: "ದೂರು ಬರ್ದದ್ದು ನೀವೇ ಅಂತ ಗೊತ್ತದೆ ಮಾರಾಯ್ರೆ. ಕೇಬಲ್ ಹಾಕ್ಸಿದ್ರಂತೆ. ಸಂಜೆ ಫೋಟೋ ಹೋಗ್ತದ್ಯ?"

ಹೋಗುತ್ತದೆ ಎಂದೆ.

ಅವರ ಹೆಂಡತಿ 2007ರಲ್ಲಿ ತೀರಿಕೊಂಡರು, ಒಂದು ಮಧ್ಯಾಹ್ನ. ಅವರು ಭಟ್ಕಳದಿಂದಲೇ ನಿವೃತ್ತರಾಗಿ, ಮರುವರ್ಷ ತೀರಿಕೊಂಡರು. ನನ್ನ ಎರಡನೆಯ ಪತ್ರಕ್ಕೆ ಕಚೇರಿಯಿಂದ ಈವರೆಗೆ ಉತ್ತರ ಬಂದಿಲ್ಲ.